ಹಳೇ ಪಲ್ಸರ್‌ನಲ್ಲಿ ಗಂಡ ಹೆಂಡತಿ ಲೇಹ್‌ಗೆ ಹೋಗಬಹುದಾ? ಸರ್ಚುವಿನಲ್ಲಿ ರಾತ್ರಿ ಉಳಿಯುವ ಪ್ಲಾನ್ ಸರಿ ಇದೆಯಾ?

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್‌ನಲ್ಲಿ ಆರು ಮೆಷಿನ್ ಇಟ್ಟುಕೊಂಡು ಜೀನ್ಸ್ ಹೊಲಿಸುತ್ತೇನೆ. ವಯಸ್ಸು 38. ಮದುವೆಯಾಗಿ ಹನ್ನೊಂದು ವರ್ಷ ಆಯಿತು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಒಂದು ಮಾತು ಕೊಟ್ಟಿದ್ದೆ, ಒಂದು ಸಲ ಬೈಕ್‌ನಲ್ಲೇ ಹಿಮ ತೋರಿಸುತ್ತೇನೆ ಅಂತ. ಮಕ್ಕಳು ಚಿಕ್ಕವರಿದ್ದರು, ಅಂಗಡಿ ಸಾಲ ಇತ್ತು, ಹೀಗೆ ಮುಂದಕ್ಕೆ ಹೋಗುತ್ತಲೇ ಬಂತು. ಈ ಸಲ ಅತ್ತೆ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ.

ಬೈಕ್ 2013ರ ಪಲ್ಸರ್ 150. ಕಾರ್ಬುರೇಟರ್ ಗಾಡಿ, 61 ಸಾವಿರ ಓಡಿದೆ. ಹೋದ ವರ್ಷ ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್ ಎಲ್ಲ ಹೊಸದು ಹಾಕಿಸಿದ್ದೇನೆ. ಇಬ್ಬರೂ ಇದೇ ಗಾಡಿಯಲ್ಲಿ ಮಂತ್ರಾಲಯ, ಶ್ರೀಶೈಲ, ಗೋಕರ್ಣ ನೋಡಿ ಬಂದಿದ್ದೇವೆ. ದಿನಕ್ಕೆ 400 ಕಿ.ಮೀ. ಕೂತು ಅಭ್ಯಾಸ ಇದೆ.

ಜೂನ್ ಕೊನೆಗೆ ಹೊರಡಬೇಕು ಅಂತಿದೆ. ಅಂಗಡಿ ಬಿಟ್ಟಿರಲು ಆಗುವುದು 14 ದಿನ. ಗುತ್ತಿ ಹತ್ತಿರ ಎನ್‌ಎಚ್ 44 ಹಿಡಿದು ದಿಲ್ಲಿ, ಚಂಡೀಗಡ, ಮನಾಲಿ. ಮನಾಲಿಯಿಂದ ಮೊದಲ ದಿನ ಸರ್ಚು, ಎರಡನೇ ದಿನ ಲೇಹ್, ಮೂರನೇ ದಿನ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಘಾಟಿ), ಆಮೇಲೆ ಅದೇ ದಾರಿಯಲ್ಲಿ ವಾಪಸ್.

ನನ್ನ ಭಯ ಗಾಡಿಯದ್ದು. ಇಬ್ಬರನ್ನು ಹೊತ್ತುಕೊಂಡು 17 ಸಾವಿರ ಅಡಿ ಹತ್ತುತ್ತದಾ? ಕಾರ್ಬುರೇಟರ್‌ಗೆ ಏನಾದರೂ ಮಾಡಿಸಬೇಕಾ? ಪೆಟ್ರೋಲ್ ಎಷ್ಟು ಇಟ್ಟುಕೊಳ್ಳಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ. ವಿಡಿಯೋ ಬೇಕಾದಷ್ಟು ನೋಡಿದ್ದೇನೆ. ಅದರಲ್ಲಿ ನಮ್ಮಂಥ ಗಾಡಿ, ನಮ್ಮಂಥ ಜನ ಕಾಣಿಸುವುದೇ ಇಲ್ಲ.

ಕೊಪ್ಪಳ ರೈಡರ್

ಅಣ್ಣಾ, ಆರಾಮಾಗಿ ಹೋಗುತ್ತದೆ. ಅಲ್ಲಿ 100 ಸಿಸಿ ಗಾಡಿಯವರೂ ಬರುತ್ತಾರೆ. ಮನಾಲಿ ರಸ್ತೆನೇ ಬೆಸ್ಟ್. ಅಟಲ್ ಸುರಂಗ ಆದಮೇಲೆ ರೋಹ್ತಾಂಗ್ ಹತ್ತುವ ಗೋಳೂ ಇಲ್ಲ. ಒಂಬತ್ತು ಕಿ.ಮೀ. ಸುರಂಗ. ಈ ಕಡೆ ಹಸಿರು, ಮಳೆ. ಆ ಕಡೆ ಹೊರಗೆ ಬಂದರೆ ಬೋಳು ಗುಡ್ಡ, ನೀಲಿ ಆಕಾಶ. ಅದನ್ನು ನೋಡಲಿಕ್ಕಾದರೂ ಹೋಗಬೇಕು. ಪೋಸ್ಟ್‌ಪೇಯ್ಡ್ ಸಿಮ್ ಮರೀಬೇಡಿ, ನಮ್ಮ ಪ್ರೀಪೇಯ್ಡ್ ಲಡಾಖ್‌ನಲ್ಲಿ ನಡೆಯಲ್ಲ.

ಗಂಗಾವತಿ ಗ್ಯಾರೇಜ್

ಹೊಲಿಗೆಯವರೇ, ನಿಮ್ಮ ಗಾಡಿ ಹತ್ತುತ್ತದೆ. 22 ವರ್ಷದಿಂದ ಗಂಗಾವತಿಯಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದೇನೆ, ಪಲ್ಸರ್ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ. ಗಾಡಿ ವಿಷಯ ಆಮೇಲೆ ಮಾತಾಡೋಣ. ನಿಮ್ಮ ಪ್ಲಾನ್‌ನಲ್ಲಿ ನನಗೆ ಭಯ ಆಗಿದ್ದು ಒಂದೇ ಸಾಲು: ಮನಾಲಿಯಿಂದ ಮೊದಲ ದಿನ ಸರ್ಚು.

2017ರಲ್ಲಿ ನಾನೂ ಇದನ್ನೇ ಮಾಡಿದ್ದೆ. ನಾನು, ನನ್ನ ಜೊತೆ ಬಾಲ್ಯದ ಗೆಳೆಯ, ಎರಡು ಗಾಡಿ. ಅವನು ಭತ್ತದ ಲಾರಿ ಓಡಿಸುವವನು. ಐವತ್ತು ಕೇಜಿ ಚೀಲ ಹೆಗಲಿಗೆ ಹಾಕಿಕೊಂಡು ಓಡುವಂಥ ಆಳು. ಆಗ ಸುರಂಗ ಇರಲಿಲ್ಲ. ರೋಹ್ತಾಂಗ್ ಹತ್ತಿ ಇಳಿದು, ಬಾರಾಲಾಚಾ ದಾಟಿ, ಸಂಜೆ ಆರಕ್ಕೆ ಸರ್ಚು ಟೆಂಟ್ ಸೇರಿದೆವು. ಎಂಟಕ್ಕೆ ಅವನಿಗೆ ತಲೆನೋವು ಶುರುವಾಯಿತು. ಊಟ ಬೇಡ ಅಂದ. ಹತ್ತಕ್ಕೆ ವಾಂತಿ. ಬಿಸಿಲು, ಸುಸ್ತು ಅಂದುಕೊಂಡೆವು. ರಾತ್ರಿ ಎರಡಕ್ಕೆ ಮೂತ್ರಕ್ಕೆ ಅಂತ ಎದ್ದವನು ಟೆಂಟ್ ಬಾಗಿಲು ಸಿಗದೆ ಬಟ್ಟೆ ತಡಕಾಡುತ್ತಿದ್ದ. ಕುಡಿದವರ ಥರ ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತು. ಹೆಂಡ ಮುಟ್ಟಿದ ಮನುಷ್ಯನಲ್ಲ ಅವನು. ನನ್ನ ಹೆಸರು ಕೇಳಿದರೆ ಎರಡು ಸಲ ಯೋಚನೆ ಮಾಡಿ ಹೇಳಿದ.

ಟೆಂಟ್‌ನವನು ಟಾರ್ಚ್ ಹಿಡಿದು ಅವನ ಮುಖ ನೋಡಿ, ಈಗಲೇ ಕೆಳಗೆ ಇಳಿಸಿ ಅಂದ. ಆಗ ಗೊತ್ತಾಗಿದ್ದು ಸರ್ಚು ಎಂಥ ಜಾಗ ಅಂತ. ಅದು 4,290 ಮೀಟರ್ ಎತ್ತರದಲ್ಲಿದೆ. ಮನಾಲಿ ಕಡೆ ಬಾರಾಲಾಚಾ, 4,890 ಮೀಟರ್. ಲೇಹ್ ಕಡೆ ಲಾಚುಲುಂಗ್ ಲಾ, ಅದು 5,000 ಮೀಟರ್ ದಾಟುತ್ತದೆ. ನಡುವೆ ಸಿಕ್ಕಿಕೊಂಡಿರುತ್ತೀರಿ. ಯಾವ ಕಡೆ ಇಳಿಯಬೇಕು ಅಂದರೂ ಮೊದಲು ಹತ್ತಬೇಕು! ಕಾಯಿಲೆ ಬಿದ್ದವನನ್ನು ಇನ್ನೂ 600 ಮೀಟರ್ ಮೇಲಕ್ಕೆ ಒಯ್ದು ಆಮೇಲೆ ಕೆಳಗೆ ತರಬೇಕು. ಒಬ್ಬ ಸುಮೋ ಡ್ರೈವರ್ ಒಪ್ಪಿಕೊಂಡ. ಆ ಕತ್ತಲಲ್ಲಿ ಬಾರಾಲಾಚಾ ಹತ್ತುವಾಗ ಗೆಳೆಯನ ತಲೆ ನನ್ನ ತೊಡೆ ಮೇಲಿತ್ತು. ಅವನ ಉಸಿರು ಎಣಿಸುತ್ತಾ ಕೂತಿದ್ದೆ. ಮನೆಯವರಿಗೆ ಏನು ಹೇಳಲಿ ಅನ್ನುವುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಬೆಳಕು ಹರಿದ ಮೇಲೆ ಕೀಲಾಂಗ್ ಸೇರಿದೆವು. 3,080 ಮೀಟರ್. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಧ್ಯಾಹ್ನ ಎದ್ದು ಕೂತು ಚಹಾ ಕೇಳಿದ. ನಾನು ಹೊರಗೆ ಹೋಗಿ ಅತ್ತು ಬಂದೆ. ಪ್ರವಾಸ ಅಲ್ಲಿಗೆ ಮುಗಿಯಿತು. ಗಾಡಿಗಳನ್ನು ಲಾರಿಗೆ ಹಾಕಿಸಿ ತರಿಸಿದೆವು.

ನಾವು ಬಯಲಿನ ಜನ ಅಲ್ವಾ. ಬಳ್ಳಾರಿ, ಕೊಪ್ಪಳ, ರಾಯಚೂರು ಎಲ್ಲ ಸಮುದ್ರದಿಂದ ನಾಲ್ಕೈನೂರು ಮೀಟರ್ ಎತ್ತರದಲ್ಲಿವೆ. 42 ಡಿಗ್ರಿ ಬಿಸಿಲು ನಮಗೆ ಲೆಕ್ಕಕ್ಕಿಲ್ಲ. ಆದರೆ ಆ ಎತ್ತರ ನಮ್ಮ ಮೈ ಕಂಡಿಲ್ಲ. ಹಗಲು ಹೊತ್ತು ಒಂದು ಘಾಟಿ ಹತ್ತಿ ಇಳಿದುಬಿಟ್ಟರೆ ಮೈ ಹೇಗೋ ತಡೆದುಕೊಳ್ಳುತ್ತದೆ. ತೊಂದರೆ ಆಗುವುದು ರಾತ್ರಿ. ಹಾಗಾಗಿ ಪ್ಲಾನ್ ಮಾಡುವಾಗ ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅಂತ ಬರೆದುಕೊಳ್ಳಿ. ಆ ಪಟ್ಟಿ ಸರಿ ಇದ್ದರೆ ಉಳಿದಿದ್ದೆಲ್ಲ ಸರಿಯಾಗುತ್ತದೆ. ನಿಮ್ಮ ಪಟ್ಟಿ ಹೀಗಿದೆ: ಮನಾಲಿ 2,050, ಮಾರನೇ ರಾತ್ರಿ ಸರ್ಚು 4,290. ಒಂದೇ ದಿನಕ್ಕೆ ಎರಡು ಸಾವಿರ ಮೀಟರ್ ಮೇಲೆ. ದಯವಿಟ್ಟು ಬೇಡ.

2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹೋದೆ, ಅದೇ ಗೆಳೆಯನ ಜೊತೆ. ಈ ಸಲ ಶ್ರೀನಗರದಿಂದ ಹತ್ತಿದೆವು. ನೀವು ಗುತ್ತಿಯಲ್ಲಿ ಹಿಡಿಯುವ ಎನ್‌ಎಚ್ 44 ಶ್ರೀನಗರದವರೆಗೂ ಒಂದೇ ರಸ್ತೆ, ಗೊತ್ತಾ? ಕನ್ಯಾಕುಮಾರಿಯಿಂದ ಬಂದು ನಮ್ಮ ಪಕ್ಕದಲ್ಲೇ ಹಾದು ಅಲ್ಲಿಗೆ ಹೋಗಿ ಮುಗಿಯುತ್ತದೆ. ಶ್ರೀನಗರದಲ್ಲಿ 1,600 ಮೀಟರ್‌ಗೆ ಮಲಗಿದೆವು. ಮಾರನೇ ದಿನ ಸೋನಮಾರ್ಗ್, 2,700 ಚಿಲ್ಲರೆ. ಅದರ ಮಾರನೇ ದಿನ ಜೋಜಿ ಲಾ ದಾಟಿ, ದ್ರಾಸ್ ನೋಡಿ, ಕಾರ್ಗಿಲ್‌ನಲ್ಲಿ ಉಳಿದೆವು. ಅದೂ ಹೆಚ್ಚುಕಡಿಮೆ 2,700. ಆಮೇಲೆ ಲೇಹ್, 3,500. ದಾರಿಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಫೋಟು ಲಾ, 4,108 ಮೀಟರ್. ಅಲ್ಲಿ ಹತ್ತು ನಿಮಿಷ ನಿಂತು ಇಳಿದೆವು. ಲೇಹ್‌ನಲ್ಲಿ ಎರಡು ಪೂರ್ತಿ ದಿನ ಸುಮ್ನೆ ಇದ್ದೆವು. ಗಾಡಿ ಮುಟ್ಟಲಿಲ್ಲ. ಮೂರನೇ ದಿನ ಖರ್ದುಂಗ್ ಲಾ. ಅಲ್ಲಿನ ಹಳೇ ಬೋರ್ಡ್ 18,380 ಅಡಿ ಅಂತ ಹೇಳುತ್ತಿತ್ತು, ಅಳತೆ ಮಾಡಿದರೆ 17,582. ಅಷ್ಟು ಸಾಕು ಬಿಡಿ. ಗೆಳೆಯ ಅಲ್ಲಿ ನಿಂತು ಊರಿಗೆ ಕೈ ಮುಗಿದ. ವಾಪಸ್ ಬರುವಾಗ ಮನಾಲಿ ರಸ್ತೆ ಹಿಡಿದೆವು. ಮೈ ಎತ್ತರಕ್ಕೆ ಒಗ್ಗಿತ್ತು, ಅದೇ ಸರ್ಚುವಿನಲ್ಲಿ ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿದೆವು.

14 ದಿನ ಸಾಲುವುದಿಲ್ಲ ರೀ. ಬಳ್ಳಾರಿಯಿಂದ ಶ್ರೀನಗರಕ್ಕೇ ಎರಡೂವರೆ ಸಾವಿರ ಕಿ.ಮೀ. ಮೇಲಾಗುತ್ತದೆ. ಅದನ್ನು ಓಡಿಸಿ ಸುಸ್ತಾಗಿ ಬೆಟ್ಟ ಹತ್ತಬೇಡಿ. ಬೈಕ್ ರೈಲಿಗೆ ಹಾಕಿ. ಗುಂತಕಲ್ಲು, ರಾಯಚೂರು ಎರಡೂ ಕಡೆ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ನೇರ ದಿಲ್ಲಿಗೆ ಹೋಗುತ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೋಣಿಚೀಲ ಸುತ್ತಿಸಿ, ಆರ್‌ಸಿ ಮತ್ತು ಆಧಾರ್ ಜೆರಾಕ್ಸ್ ಕೊಡಬೇಕು. ರೈಲು ಸ್ವಲ್ಪ ಹೊತ್ತು ಮಾತ್ರ ನಿಲ್ಲುವ ಕಡೆ ಬೈಕ್ ಹತ್ತಿಸುವುದು ಕಷ್ಟ. ಒಂದು ವಾರ ಮೊದಲೇ ಪಾರ್ಸಲ್ ಆಫೀಸಿಗೆ ಹೋಗಿ ಕೇಳಿಕೊಳ್ಳಿ. ಹೀಗೆ ಮಾಡಿದರೂ ಒಟ್ಟು 17 ದಿನ ಬೇಕು. ಅಷ್ಟು ಸಿಗದಿದ್ದರೆ ಖರ್ದುಂಗ್ ಲಾ ಬಿಡಿ. ಲೇಹ್‌ನ ಎರಡು ದಿನದ ವಿಶ್ರಾಂತಿ ಮಾತ್ರ ಬಿಡಬೇಡಿ.

ಜೂನ್‌ಗಿಂತ ಸೆಪ್ಟೆಂಬರ್ ಮೊದಲ ಎರಡು ವಾರ ಒಳ್ಳೆಯದು. ಜೂನ್‌ನಲ್ಲಿ ಹಿಮ ಕರಗುವ ಜೋರು. ರಸ್ತೆಗೆ ಅಡ್ಡ ಹರಿಯುವ ನಾಲಾಗಳಲ್ಲಿ ಬೆಳಿಗ್ಗೆ ಪಾದದಷ್ಟು ನೀರಿದ್ದರೆ ಮಧ್ಯಾಹ್ನ ಮೂರರ ಹೊತ್ತಿಗೆ ಮೊಣಕಾಲಿಗೆ ಬರುತ್ತದೆ. ಯಾವ ತಿಂಗಳಾದರೂ ನಾಲಾ ಬೆಳಿಗ್ಗೆಯೇ ದಾಟಿ. ಮನೆಯವರನ್ನು ಇಳಿಸಿ, ಕಲ್ಲು ನೋಡಿಕೊಂಡು, ಮೊದಲ ಗೇರ್‌ನಲ್ಲಿ ಒಂದೇ ಸಮ ಹೋಗಬೇಕು. ಅರ್ಧ ಕ್ಲಚ್ ಹಿಡಿದು ಎಳೆದಾಡಿದರೆ ಹೊಸ ಪ್ಲೇಟೂ ಸುಟ್ಟು ಹೋಗುತ್ತದೆ.

ಇನ್ನೊಂದು, ಬೇಜಾರು ಮಾಡಿಕೊಳ್ಳಬೇಡಿ. ಜೀನ್ಸ್ ಹಾಕಿಕೊಂಡು ಹೋಗಬೇಡಿ. ಹತ್ತಿ ಬಟ್ಟೆ ಒದ್ದೆಯಾದರೆ ಆ ಚಳಿಯಲ್ಲಿ ಬೇಗ ಒಣಗಲ್ಲ, ಮೈ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ.

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಗ್ಯಾರೇಜ್ ಅಣ್ಣಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಹೆಂಡತಿಗೂ ಓದಿ ಹೇಳಿದೆ. ಖರ್ದುಂಗ್ ಲಾ ಬಿಟ್ಟರೂ ಪರವಾಗಿಲ್ಲ, ಹಿಮ ಕಂಡರೆ ಸಾಕು ಅಂದಳು. ಸೆಪ್ಟೆಂಬರ್ ನನಗೂ ಆಗುತ್ತದೆ, ದಸರಾ ಆರ್ಡರ್ ಆಗಸ್ಟ್‌ನಲ್ಲೇ ಕಳಿಸಿಬಿಟ್ಟರೆ ಆಯಿತು.

ಬಟ್ಟೆ ವಿಷಯ ಬೇಜಾರೇನೂ ಇಲ್ಲ. ಮಳೆ ಕೋಟಿನ ಬಟ್ಟೆ ತಂದು ಓವರ್‌ಪ್ಯಾಂಟ್ ಹೊಲಿಯಬಹುದು. ಪಕ್ಕದಲ್ಲಿ ಸೊಂಟದಿಂದ ಪಾದದವರೆಗೆ ಜಿಪ್ ಇಟ್ಟರೆ ಶೂ ಬಿಚ್ಚದೆ ಹಾಕಿಕೊಳ್ಳಬಹುದು ಅಲ್ವಾ? ಹೊಲಿಗೆ ಮೇಲೆ ಸೀಮ್ ಟೇಪ್ ಅಂಟಿಸದಿದ್ದರೆ ಸೂಜಿ ತೂತಿನಿಂದ ನೀರು ಬರುತ್ತದೆ, ಅದು ನನಗೆ ಗೊತ್ತು.

ಒಂದು ಪ್ರಶ್ನೆ ಉಳಿದಿದೆ. ನನ್ನ ಹೆಂಡತಿಗೆ ಎರಡನೇ ಹೆರಿಗೆ ಆದಮೇಲೆ ಸುಸ್ತು ಜಾಸ್ತಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅಂಜನಾದ್ರಿ ಹತ್ತುವಾಗ ನಾಲ್ಕು ಸಲ ಕೂತಳು. ಅವಳನ್ನು ಕರೆದುಕೊಂಡು ಹೋಗಬಹುದಾ?

ರಾಯಚೂರು ಸಿಸ್ಟರ್

ಅಣ್ಣಾ, ನಾನು ರಾಯಚೂರಿನಲ್ಲಿ ನರ್ಸ್. ಇದಕ್ಕೆ ನಾನು ಉತ್ತರ ಬರೆಯಲೇಬೇಕು. ಟಿಕೆಟ್ ಮಾಡುವ ಮೊದಲು ವೈನಿಯವರ ಹಿಮೋಗ್ಲೋಬಿನ್ ಚೆಕ್ ಮಾಡಿಸಿ. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ದಿನಾ ನೋಡುತ್ತೇನೆ. ಎಂಟು, ಒಂಬತ್ತು ಇದ್ದರೂ ಅಡುಗೆ ಮಾಡಿಕೊಂಡು, ಹೊಲಕ್ಕೆ ಹೋಗಿಕೊಂಡು ಇರುತ್ತಾರೆ. ಸುಸ್ತು ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಉಸಿರಿನ ಆಕ್ಸಿಜನ್ ಹೊತ್ತುಕೊಂಡು ಹೋಗುವುದೇ ಹಿಮೋಗ್ಲೋಬಿನ್. ಐದು ಸಾವಿರ ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಒಂದೊಂದು ಉಸಿರಿಗೂ ಅರ್ಧದಷ್ಟೇ ಆಕ್ಸಿಜನ್. ಹೊರುವ ರಕ್ತವೂ ಕಡಿಮೆ ಇದ್ದರೆ ಗತಿ ಏನು ಹೇಳಿ. ಸೆಪ್ಟೆಂಬರ್‌ಗೆ ಸಮಯ ಇದೆ. ಕಡಿಮೆ ಇದ್ದರೆ ಈಗಿಂದಲೇ ಡಾಕ್ಟರ್ ಹೇಳಿದ ಕಬ್ಬಿಣದ ಮಾತ್ರೆ ತಪ್ಪದೆ ತೆಗೆದುಕೊಂಡರೆ ಎರಡು ಮೂರು ತಿಂಗಳಲ್ಲಿ ಸುಧಾರಿಸುತ್ತದೆ. ಮಾತ್ರೆ ಜೊತೆ ಚಹಾ ಕುಡಿಯಬಾರದು, ನಿಂಬೆಹಣ್ಣಿನ ಪಾನಕ ಕುಡಿಯಲಿ. ಏದುಸಿರು ಬರುವುದಕ್ಕೆ ಬೇರೆ ಕಾರಣವೂ ಇರಬಹುದು, ಎದೆಯನ್ನೂ ಒಮ್ಮೆ ತೋರಿಸಿ.

ಎತ್ತರದ ಕಾಯಿಲೆ ಬರದಿರಲಿ ಅಂತ ತೆಗೆದುಕೊಳ್ಳುವ ಡೈಮಾಕ್ಸ್ ಮಾತ್ರೆ ಬಗ್ಗೆ ಯಾರಾದರೂ ಹೇಳುತ್ತಾರೆ. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಬೇಡಿ, ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಸಲ್ಫಾ ಮಾತ್ರೆ ಆಗದವರು ಮೊದಲೇ ಹೇಳಬೇಕು. ಅದನ್ನು ತೆಗೆದುಕೊಂಡರೆ ಬೆರಳು ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಅದಕ್ಕೆ ಗಾಬರಿ ಬೇಡ.

ಗ್ಯಾರೇಜ್ ಅಣ್ಣ ಹೇಳಿದರಲ್ಲ, ಕಾಲು ಅಡ್ಡಾದಿಡ್ಡಿ ಬೀಳುತ್ತಿತ್ತು ಅಂತ. ಅದು ಮಿದುಳಿಗೆ ಬಾವು ಬಂದ ಗುರುತು. ದಿನಾ ರಾತ್ರಿ ಮಲಗುವ ಮೊದಲು ಒಬ್ಬರಿಗೊಬ್ಬರು ಒಂದು ಪರೀಕ್ಷೆ ಮಾಡಿ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿಕೊಂಡು, ನೇರ ಗೆರೆ ಮೇಲೆ ನಡೆದ ಹಾಗೆ ಹತ್ತು ಹೆಜ್ಜೆ. ವಾಲಿದರೆ ಅಲ್ಲಿ ಮಲಗಬಾರದು. ಸುಮ್ಮನೆ ಕೂತಾಗಲೂ ಉಬ್ಬಸ, ಕೆಮ್ಮಿದರೆ ನೊರೆ ಬಂತು ಅಂದರೆ ಅದು ಪುಪ್ಪುಸದಲ್ಲಿ ನೀರು ತುಂಬಿದ ಗುರುತು. ಎರಡಕ್ಕೂ ಮದ್ದು ತಕ್ಷಣ ಕೆಳಗೆ ಇಳಿಯುವುದು. ಬೆಳಗಾಗಲಿ ಅಂತ ಕಾಯಬಾರದು. ಕೈಯಲ್ಲಿ ಹಿಡಿಯುವ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷದ್ದು, ಅದನ್ನು ನಂಬಿಕೊಂಡು ಮೇಲೆ ಕೂರಬೇಡಿ. ಬರೀ ತಲೆನೋವು ಇದ್ದರೂ ಅವತ್ತು ಇನ್ನೂ ಮೇಲೆ ಹತ್ತಬೇಡಿ.

ವೈನಿ ಹಿಂದೆ ಕೂತಿರುತ್ತಾರೆ, ಮುಖ ನಿಮಗೆ ಕಾಣಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಮಾತಾಡಿಸಿ. ನಿಮ್ಮ ಪ್ರವಾಸ ಹಾಳಾಗುತ್ತದೆ ಅಂತ ಅವರು ನೋವು ಹೇಳದೆ ಇರಬಹುದು. ನಮ್ಮ ಹೆಣ್ಣುಮಕ್ಕಳು ಹಾಗೇ ಅಣ್ಣಾ.

ಗಂಗಾವತಿ ಗ್ಯಾರೇಜ್

ಸಿಸ್ಟರ್, ನೀವು ಬರೆದಿದ್ದು 2017ರಲ್ಲಿ ನನಗೆ ಗೊತ್ತಿದ್ದರೆ ಗೆಳೆಯನನ್ನು ಎಂಟು ಗಂಟೆಗೇ ಇಳಿಸುತ್ತಿದ್ದೆ. ನಿಮಗೆ ಪುಣ್ಯ ಬರಲಿ.

ಈಗ ಗಾಡಿ. ಮನುಷ್ಯನಿಗೆ ಆಗುವುದೇ ಇಂಜಿನ್‌ಗೂ ಆಗುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಆದರೆ ಕಾರ್ಬುರೇಟರ್ ಜೆಟ್‌ನಲ್ಲಿ (ಪೆಟ್ರೋಲ್ ಬರುವ ಸಣ್ಣ ತೂತು) ಪೆಟ್ರೋಲ್ ಅಷ್ಟೊಂದು ಕಡಿಮೆ ಆಗಲ್ಲ. ಮಿಕ್ಸಿಂಗ್ ದಪ್ಪ ಆಗಿ ಕಪ್ಪು ಹೊಗೆ ಬರುತ್ತದೆ. ಸಾವಿರ ಮೀಟರ್‌ಗೆ ಸುಮಾರು ಹತ್ತರಲ್ಲೊಂದು ಪಾಲು ಶಕ್ತಿ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ತಂಗ್ಲಂಗ್ ಲಾ 5,328 ಮೀಟರ್. ಅಲ್ಲಿ ನಿಮ್ಮ ಪಲ್ಸರ್ ಅರ್ಧ ಗಾಡಿ ಆಗಿರುತ್ತದೆ. ಮೊದಲ ಗೇರ್‌ನಲ್ಲಿ ಗಂಟೆಗೆ ಹದಿನೈದರಲ್ಲಿ ಹತ್ತುತ್ತದೆ. ಹತ್ತಲಿ ಬಿಡಿ, ಅವಸರ ಏನಿದೆ? ಇಂಜಿನ್ ಕೆಟ್ಟಿದೆ ಅಂತ ಅಲ್ಲಿ ಬಿಚ್ಚಲಿಕ್ಕೆ ಕೂರಬೇಡಿ. ಇಳಿದರೆ ತಾನೇ ಸರಿಯಾಗುತ್ತದೆ.

ನನ್ನ ಗಾಡಿ ಪ್ಲಗ್ ಲೇಹ್‌ನಲ್ಲಿ ಬಿಚ್ಚಿ ನೋಡಿದೆ. ಊರಲ್ಲಿ ಇಟ್ಟಿಗೆ ಬಣ್ಣ ಇದ್ದದ್ದು ಒಲೆ ಮಸಿ ಹಿಡಿದ ಹಾಗೆ ಕಪ್ಪಾಗಿತ್ತು. ಬೆರಳಿಗೆ ಒರೆಸಿದರೆ ಒಣ ಮಸಿ ಬಂತು. ವೈರ್ ಬ್ರಶ್ ಹಾಕಿ ತಿಕ್ಕಿ ಮತ್ತೆ ಕೂರಿಸಿದೆ, ಸರಿಹೋಯಿತು. ನೀವೂ ಅಷ್ಟೇ ಮಾಡಿ. ಹೊಸ ಏರ್ ಫಿಲ್ಟರ್ ಹಾಕಿಸಿ ಹೊರಡಿ. ನಮ್ಮ ಕೆಂಧೂಳು ಕುಡಿದ ಫಿಲ್ಟರ್ ಇಟ್ಟುಕೊಂಡು ಹೋದರೆ ಇದ್ದ ಗಾಳಿಯೂ ಸಿಗಲ್ಲ. ಜೆಟ್ ಬದಲಿಸಿ ಚಿಕ್ಕದು ಹಾಕಿಸಬೇಡಿ, ಕೆಳಗೆ ಬಯಲಿಗೆ ಬಂದಾಗ ಇಂಜಿನ್ ವಿಪರೀತ ಬಿಸಿಯಾಗುತ್ತದೆ. ಐಡ್ಲಿಂಗ್ ಮಾತ್ರ ಸ್ವಲ್ಪ ಏರಿಸಿಕೊಳ್ಳಿ. ಎರಡು ಪ್ಲಗ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಒಂದೊಂದು ಟ್ಯೂಬ್, ಚೈನ್ ಲಾಕ್ ಇರಲಿ.

ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಕಾದು ಹಿಡಿಯುವುದೇ ನಿಂತುಬಿಡುತ್ತದೆ. ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಗಾಟಾ ಲೂಪ್ಸ್‌ನಲ್ಲಿ 21 ತಿರುವು ಇವೆ, ನೀವು ಅದನ್ನು ಇಳಿಯುವ ಕಡೆಯಿಂದ ಬರುತ್ತೀರಿ. ಹೋಗುವ ಮೊದಲು ಎರಡು ಭಾನುವಾರ ಸಂಡೂರು ಕಡೆ ಕುಮಾರಸ್ವಾಮಿ ಬೆಟ್ಟದ ರಸ್ತೆಯಲ್ಲಿ ಇಬ್ಬರೂ ಲಗೇಜ್ ಸಮೇತ ಹತ್ತಿ ಇಳಿದು ರೂಢಿ ಮಾಡಿಕೊಳ್ಳಿ. ಅದಿರು ಲಾರಿ ನೋಡಿಕೊಂಡು.

ಪೆಟ್ರೋಲ್: ವಾಪಸ್ ಮನಾಲಿ ರಸ್ತೆಯಲ್ಲಿ ಬರುವಾಗ, ಲೇಹ್ ಬಿಟ್ಟ ಮೇಲೆ ಕಾರು ಅನ್ನುವ ಊರಿನ ಪಂಪ್‌ನಲ್ಲಿ ಬಾಯಿಮಟ್ಟ ತುಂಬಿಸಿ. ಮನಾಲಿ ಕಡೆಯ ತಾಂಡಿ ಪಂಪಿನ ಹತ್ತಿರ, ಅಲ್ಲಿಂದ ಲೇಹ್‌ಗೆ ಹೋಗುವವರಿಗೆ, ಮುಂದಿನ ಪಂಪ್ 365 ಕಿ.ಮೀ. ಅಂತ ಬೋರ್ಡ್ ಇದೆ. ನಿಮ್ಮದು 15 ಲೀಟರ್ ಟ್ಯಾಂಕ್. ಮೇಲೆ 30ರ ಮೈಲೇಜ್ ಹಿಡಿದರೂ 450 ಆಗುತ್ತದೆ. ಆದರೂ ಕ್ಯಾನ್‌ನಲ್ಲಿ ಐದು ಲೀಟರ್ ಇರಲಿ.

ಊಟಕ್ಕೆ ಕಡಕ್ ರೊಟ್ಟಿ ಕಟ್ಟಿಕೊಳ್ಳಿ. ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ನಮ್ಮ ಸೋನಾ ಮಸೂರಿ ಬೇಯಲ್ಲ. ಶೇಂಗಾ ಚಟ್ನಿ ಪುಡಿಯನ್ನು ಸೀಲ್ ಮಾಡಿದ ಪ್ಯಾಕೆಟ್‌ನಲ್ಲಿ ಒಯ್ಯಬೇಡಿ. ನಮ್ಮದು ಫೋಟು ಲಾ ಹತ್ತುವಾಗ ಊದಿಕೊಂಡು, ಖರ್ದುಂಗ್ ಲಾ ಮೇಲೆ ಬ್ಯಾಗ್ ಒಳಗೇ ಒಡೆಯಿತು. ಸ್ವೆಟರ್ ತುಂಬ ಬೆಳ್ಳುಳ್ಳಿ ವಾಸನೆ. ತಿರುಪಿನ ಮುಚ್ಚಳದ ಡಬ್ಬಿಗೆ ಹಾಕಿ, ದಾರಿಯಲ್ಲಿ ಒಮ್ಮೊಮ್ಮೆ ಮುಚ್ಚಳ ಸಡಿಲಿಸಿ.

ಕೌಲ್‌ಬಜಾರ್ ಹೊಲಿಗೆ, ಬಳ್ಳಾರಿ

ಸಿಸ್ಟರ್, ನಿನ್ನೆ ರಿಪೋರ್ಟ್ ಬಂತು. ಅವಳಿಗೆ 8.4. ಹನ್ನೊಂದು ವರ್ಷ ಜೊತೆಗಿದ್ದೂ ನನಗೆ ಗೊತ್ತಾಗಲಿಲ್ಲ. ಡಾಕ್ಟರ್ ಎದೆ ಪರೀಕ್ಷೆ ಮಾಡಿ ಅದು ಚೆನ್ನಾಗಿದೆ ಅಂದರು. ಮಾತ್ರೆ ಶುರು ಮಾಡಿದ್ದಾಳೆ, ರಾತ್ರಿ ನಾನೇ ನಿಂಬೆಹಣ್ಣು ಹಿಂಡಿ ಕೊಡುತ್ತಿದ್ದೇನೆ. ಆಗಸ್ಟ್‌ನಲ್ಲಿ ಮತ್ತೆ ರಕ್ತ ನೋಡುತ್ತೇವೆ. ಡಾಕ್ಟರ್ ಸರಿ ಅಂದರೆ ಮಾತ್ರ ಪಾರ್ಸಲ್ ಬುಕ್ ಮಾಡುವುದು. ಇಲ್ಲಾಂದ್ರೆ ಮುಂದಿನ ವರ್ಷ.

ಮಲಗುವ ಎತ್ತರದ ಪಟ್ಟಿ ಬರೆದು ಕಟಿಂಗ್ ಟೇಬಲ್ ಮೇಲೆ ಅಂಟಿಸಿದ್ದೇನೆ. 1,600, 2,700, 2,700, 3,500, 3,500, 3,500.

ಗ್ಯಾರೇಜ್ ಅಣ್ಣಾ, ಅವಳ ಓವರ್‌ಪ್ಯಾಂಟ್ ಹೊಲಿದು ಆಯಿತು. ಜಿಪ್ ಮೇಲೆ ಎರಡು ಬೆರಳಗಲ ಪಟ್ಟಿ ಇಟ್ಟು, ನಲ್ಲಿ ಕೆಳಗೆ ಹತ್ತು ನಿಮಿಷ ಹಿಡಿದೆ, ಒಳಗೆ ಒಂದು ಹನಿ ಇಲ್ಲ. ನಿಮ್ಮ ಸೊಂಟ, ತೊಡೆ, ಉದ್ದ ಮೂರು ಅಳತೆ ಕಳಿಸಿ. ನಿಮ್ಮ ಗೆಳೆಯರದ್ದೂ ಕಳಿಸಿ.